ಇಪಿಪಿಪಿ ಬರೆಯುವವರಿಗೆ ಒಂದು ಸಲಹೆ

ಅಮೆರಿಕ, ಕೆನಡಾದಲ್ಲಿ ಸೈಕಾಲಜಿಸ್ಟ್ ಲೈಸೆನ್ಸ್‌ಗಾಗಿ ಬರೆಯುವ ಇಪಿಪಿಪಿ ಪರೀಕ್ಷೆಗೆ ಓದುತ್ತಿದ್ದೀರಾ? ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾ ಕೂರಬೇಡಿ. ಮೊದಲು ಒಂದು ಮಾಕ್ ಟೆಸ್ಟ್ ಬರೆದುಬಿಡಿ. ಅಂಕ ಕಡಿಮೆ ಬಂದರೆ ಬರಲಿ, ಎಲ್ಲಿ ಹಿಂದಿದ್ದೀರಿ ಅಂತ ಗೊತ್ತಾಗುತ್ತದೆ.

ಪರೀಕ್ಷೆಯ ಎಂಟು ವಿಭಾಗಗಳಿಗೂ ಒಂದೇ ತೂಕ ಇಲ್ಲ. ಅಸೆಸ್‌ಮೆಂಟ್ ಮತ್ತು ಡಯಾಗ್ನೋಸಿಸ್‌ಗೆ ಶೇ 16, ಎಥಿಕ್ಸ್ ಮತ್ತು ಕಾನೂನಿಗೂ ಶೇ 16. ಸಂಶೋಧನಾ ವಿಧಾನ, ಸ್ಟಾಟಿಸ್ಟಿಕ್ಸ್‌ಗೆ ಬರೀ ಶೇ 7. ಆದರೂ ಸ್ಟಾಟಿಸ್ಟಿಕ್ಸ್ ಭಯಕ್ಕೇ ವಾರಗಟ್ಟಲೆ ಕಳೆಯುವವರಿದ್ದಾರೆ!

ಎಥಿಕ್ಸ್ ಸುಲಭ ಅಂತ ಬಿಡಬೇಡಿ. ಉದಾಹರಣೆಗೆ, ಸಹೋದ್ಯೋಗಿ ಒಬ್ಬರು ಸಣ್ಣದೊಂದು ನಿಯಮ ಮುರಿದಿದ್ದು ನಿಮಗೆ ಗೊತ್ತಾಯಿತು. ಮೊದಲು ಏನು ಮಾಡಬೇಕು? ಕೈ ತಕ್ಷಣ 'ಲೈಸೆನ್ಸ್ ಬೋರ್ಡ್‌ಗೆ ದೂರು' ಕಡೆ ಹೋಗುತ್ತದೆ. ಆದರೆ ಎಪಿಎ (ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್) ನೀತಿ ಸಂಹಿತೆ ಪ್ರಕಾರ, ಕ್ಲೈಂಟ್ ಗೋಪ್ಯತೆಗೆ ಧಕ್ಕೆ ಬಾರದಿದ್ದರೆ, ಮೊದಲು ಅವರ ಜೊತೆಗೇ ಮಾತಾಡಬೇಕು. ಗಂಭೀರ ಹಾನಿ ಆಗಿದ್ದರೆ ಲೆಕ್ಕ ಬೇರೆ. ಪ್ರಶ್ನೆಯಲ್ಲಿ 'ಮೊದಲು' ಅಂತ ಇದೆಯಾ ನೋಡಿ, ಅದರಲ್ಲೇ ಎಲ್ಲಾ ಇರುವುದು. ಅಭ್ಯಾಸ ಮಾಡುವಾಗ ಸರಿ ಉತ್ತರದ ಜೊತೆ ಉಳಿದವು ಯಾಕೆ ತಪ್ಪು ಅಂತಲೂ ಒಂದು ಸಾಲು ಬರೆದಿಡಿ. ಸುಮ್ನೆ ಹೈಲೈಟ್ ಮಾಡುವುದಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.

225 ಪ್ರಶ್ನೆ, 4 ಗಂಟೆ 15 ನಿಮಿಷ. ಅಂದರೆ ಒಂದಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಇದರಲ್ಲಿ 50 ಪ್ರಶ್ನೆಗಳು ಅಂಕದ ಲೆಕ್ಕಕ್ಕೇ ಇಲ್ಲ, ಯಾವುವು ಅಂತ ಮಾತ್ರ ಗೊತ್ತಾಗುವುದಿಲ್ಲ. ಹಾಗಾಗಿ ವಿಚಿತ್ರ ಪ್ರಶ್ನೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಅಲ್ವಾ? ಒಂದು ಉತ್ತರ ಗುರುತು ಹಾಕಿ ಮುಂದೆ ಹೋಗಿ.