ಕ್ರಿಪ್ಟೊದಲ್ಲಿ ದೀರ್ಘಾವಧಿ ಹೂಡಿಕೆ: ನಷ್ಟದ ಲೆಕ್ಕ ಮೊದಲು

ಒಂದೇ ಆರ್ಥಿಕ ವರ್ಷದಲ್ಲಿ ಬಿಟ್‌ಕಾಯಿನ್ ಮಾರಿ 1 ಲಕ್ಷ ರೂಪಾಯಿ ಲಾಭ ಮಾಡಿದವರು ಮತ್ತೊಂದು ಕಾಯಿನ್ ಮಾರಿ ಅಷ್ಟೇ ಹಣ ಕಳೆದುಕೊಂಡರು ಎಂದಿಟ್ಟುಕೊಳ್ಳೋಣ. ಅವರ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಆದರೂ 31,200 ರೂಪಾಯಿ ತೆರಿಗೆ ಕಟ್ಟಲೇಬೇಕು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ (ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಕಾಯಿನ್‌ಗಳೂ ಸೇರುವ, ಕಾನೂನು ಬಳಸುವ ಹೆಸರು) ಲಾಭಕ್ಕೆ ಶೇ 30ರಷ್ಟು ತೆರಿಗೆ, ಅದರ ಮೇಲೆ ಶೇ 4ರ ಸೆಸ್ ಇದೆ. ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಖರೀದಿ ಬೆಲೆಯನ್ನು ಬಿಟ್ಟರೆ ಬೇರೆ ಯಾವ ವೆಚ್ಚವನ್ನೂ ತೋರಿಸುವಂತಿಲ್ಲ. ಷೇರುಗಳನ್ನು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡವರಿಗೆ ಸಿಗುವ ಕಡಿಮೆ ದರವೂ ಇಲ್ಲಿಲ್ಲ. ಲಾಭದಲ್ಲಿ ಸರ್ಕಾರಕ್ಕೆ ಪಾಲುಂಟು, ನಷ್ಟ ಮಾತ್ರ ಪೂರ್ತಿಯಾಗಿ ನಮ್ಮದು. ಸಾಮಾನ್ಯ ಹೂಡಿಕೆದಾರರು ಕ್ರಿಪ್ಟೊಗೆ ಕೈಹಾಕುವ ಮುನ್ನ ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಏನನ್ನು ಕೊಳ್ಳಬೇಕು, ಎಷ್ಟು ಸಲ ಮಾರಬೇಕು ಎಂಬ ಪ್ರಶ್ನೆಗಳ ಉತ್ತರವೆಲ್ಲ ಇದರಿಂದಲೇ ಹೊರಡುತ್ತದೆ.

ಷೇರು ಮಾರುಕಟ್ಟೆಯಲ್ಲಿ ಹತ್ತಾರು ಕಂಪನಿಗಳಲ್ಲಿ ಹಣ ಹಂಚಿಡುವುದು ವಿವೇಕ. ಅದೇ ವಿವೇಕವನ್ನು ಇಲ್ಲಿಗೆ ತಂದು ಹತ್ತು ಬಗೆಯ ಕಾಯಿನ್ ಕೊಂಡರೆ, ಮಾರುವ ಹೊತ್ತಿಗೆ ಗೆದ್ದವುಗಳಿಗೆಲ್ಲ ತೆರಿಗೆ ಬೀಳುತ್ತದೆ, ಸೋತವು ಲೆಕ್ಕಕ್ಕೇ ಬರುವುದಿಲ್ಲ. ಇದರ ಜೊತೆಗೆ, ಮಾರುಕಟ್ಟೆ ಕುಸಿದಾಗ ಈ ಕಾಯಿನ್‌ಗಳು ಬಹುತೇಕ ಒಟ್ಟಿಗೇ ಕುಸಿಯುವುದರಿಂದ ಹಂಚಿಟ್ಟದ್ದರಿಂದ ಸಿಗಬೇಕಾದ ರಕ್ಷಣೆಯೂ ಸಿಗುವುದಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದನ್ನು ಪಡೆದರೂ, ಬಿಟ್‌ಕಾಯಿನ್‌ನಿಂದ ಒಂದು ಡಾಲರ್ ಬೆಲೆಗೇ ಕಟ್ಟಿಹಾಕಿದ ಯುಎಸ್‌ಡಿಟಿ ಎಂಬ ಕಾಯಿನ್‌ಗೆ ಬದಲಿಸಿಕೊಂಡರೂ ಅದು ಮಾರಾಟವೇ. ರೂಪಾಯಿ ಕೈಗೆ ಬರದಿದ್ದರೂ ತೆರಿಗೆ ತಪ್ಪದು. ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಬಿಟ್‌ಕಾಯಿನ್, ಹೆಚ್ಚೆಂದರೆ ಅದರ ಜೊತೆಗೆ ಎಥೀರಿಯಂ ಜಾಲದ ಕಾಯಿನ್ ಆದ ಈಥರ್, ಅಷ್ಟು ಸಾಕು.

ಎಷ್ಟು ಹಾಕಬೇಕು ಎಂಬುದನ್ನು ಆಸೆಯಿಂದಲ್ಲ, ಹಿಂದಿನ ಕುಸಿತಗಳಿಂದ ಅಳೆಯಬೇಕು. 2017ರ ಡಿಸೆಂಬರ್‌ನಲ್ಲಿ 20,000 ಡಾಲರಿನ ಸಮೀಪವಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ ಸುಮಾರು 3,200ಕ್ಕೆ ಇಳಿಯಿತು. 2021ರ ನವೆಂಬರ್‌ನಲ್ಲಿ 69,000 ಡಾಲರ್ ತಲುಪಿದ್ದು ಮರುವರ್ಷದ ನವೆಂಬರ್‌ನಲ್ಲಿ 16,000ಕ್ಕಿಂತ ಕೆಳಗೆ ಬಂದಿತ್ತು. ಅತ್ಯಂತ ಗಟ್ಟಿಯೆನಿಸಿದ ಕಾಯಿನ್‌ನ ಕಥೆಯೇ ಇದು. 2022ರ ಮೇ ತಿಂಗಳಲ್ಲಿ ಲೂನಾ ಎಂಬ ಕಾಯಿನ್ ಸುಮಾರು ಒಂದು ವಾರದಲ್ಲಿ 80 ಡಾಲರಿನ ಆಸುಪಾಸಿನಿಂದ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು. ಶೇ 80ರಷ್ಟು ಬಿದ್ದ ಬೆಲೆ ಮೊದಲಿನ ಮಟ್ಟಕ್ಕೆ ಮರಳಬೇಕಾದರೆ ಐದು ಪಟ್ಟಾಗಬೇಕು ಎಂಬುದನ್ನೂ ನೆನಪಿಡಿ.

ಆರು ತಿಂಗಳ ಮನೆಖರ್ಚಿಗೆ ಸಾಲುವ ಆಪತ್ತಿನ ಹಣ, ಆರೋಗ್ಯ ವಿಮೆ, ಹೆಚ್ಚು ಬಡ್ಡಿಯ ಸಾಲದ ತೀರುವಳಿ, ಇಷ್ಟೂ ಆದ ಮೇಲೆ ಉಳಿದ ಹೂಡಿಕೆಯ ಹಣ 10 ಲಕ್ಷ ರೂಪಾಯಿ ಎನ್ನೋಣ. ಅದರಲ್ಲಿ ಶೇ 5, ಅಂದರೆ 50,000 ರೂಪಾಯಿ ಕ್ರಿಪ್ಟೊಗೆ ಹೋದರೆ, ಶೇ 80ರ ಕುಸಿತದಲ್ಲೂ ಕಳೆದುಹೋಗುವುದು 40,000. ಒಟ್ಟು ಹಣದಲ್ಲಿ ಶೇ 4. ಮನಸ್ಸಿಗೆ ಕಹಿಯೆನಿಸಿದರೂ ಮಕ್ಕಳ ಶಾಲಾ ಶುಲ್ಕ ನಿಲ್ಲುವುದಿಲ್ಲ. ಅದೇ ಶೇ 40ರಷ್ಟನ್ನು ಹಾಕಿದ್ದರೆ ಆ ಕುಸಿತವು ಮನೆಯ ಯೋಜನೆಗಳನ್ನೇ ಬುಡಮೇಲು ಮಾಡುತ್ತಿತ್ತು.

ಈ 50,000 ರೂಪಾಯಿಯನ್ನು ಒಂದೇ ದಿನ ಹಾಕದೆ, ಚೀಟಿ ಕಟ್ಟಿದಂತೆ ತಿಂಗಳಿಗೆ 2,000ದಂತೆ 25 ತಿಂಗಳು ಹಾಕುವುದು ಒಳ್ಳೆಯದು. ದಿನಾಂಕ ನಿಗದಿಯಾಗಿರಲಿ, ಬೆಲೆ ಏರಿದೆಯೆಂದು ಹೆಚ್ಚಿಸುವುದಾಗಲಿ, ಇಳಿದಿದೆಯೆಂದು ನಿಲ್ಲಿಸುವುದಾಗಲಿ ಬೇಡ. ಸಾಲ ಮಾಡಿ, ಒಡವೆ ಅಡವಿಟ್ಟು ಕೊಳ್ಳುವುದು ಮತ್ತು ಫ್ಯೂಚರ್ಸ್ ವಹಿವಾಟು (ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದ) ದೀರ್ಘಾವಧಿ ಹೂಡಿಕೆದಾರರಿಗೆ ಸಲ್ಲದು. ಖರೀದಿಗೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಾಯಿಸಿಕೊಂಡ ಎಕ್ಸ್‌ಚೇಂಜನ್ನೇ, ಅಂದರೆ ಕಾಯಿನ್ ಕೊಳ್ಳುವ-ಮಾರುವ ಆನ್‌ಲೈನ್ ವೇದಿಕೆಯನ್ನೇ, ಆಯ್ದುಕೊಳ್ಳಿ. ಮಾರುವಾಗ ಮಾರಾಟದ ಮೊತ್ತದಲ್ಲಿ ಶೇ 1ರಷ್ಟು ಟಿಡಿಎಸ್ (ಮುಂಗಡವಾಗಿ ಕಡಿತವಾಗುವ ತೆರಿಗೆ) ಮುರಿಯುತ್ತಾರೆ. ಅದು ನಿಮ್ಮ ಪ್ಯಾನ್ ಸಂಖ್ಯೆಯ ಎದುರು ಜಮೆಯಾಗಿದೆಯೇ ಎಂದು ನೋಡಿಕೊಂಡು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಿ. ಟೆಲಿಗ್ರಾಂ ಗುಂಪಿನಲ್ಲಿ ಖಚಿತ ಲಾಭದ ಭರವಸೆ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೋಸ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಲೆಯ ಕುಸಿತಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಕಾಯಿನ್ ಎಲ್ಲಿದೆ ಎಂಬ ಪ್ರಶ್ನೆ. ಬೆಲೆ ಬಿದ್ದರೆ ಕಾಯಬಹುದು. ಕಾಯಿನ್ನೇ ಕಳುವಾದರೆ ಕಾಯಲು ಏನೂ ಉಳಿಯುವುದಿಲ್ಲ. ಜಪಾನಿನ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ 2014ರಲ್ಲಿ ಮುಳುಗಿತು, ಎಫ್‌ಟಿಎಕ್ಸ್ ಎಂಬ ಮತ್ತೊಂದು ಎಕ್ಸ್‌ಚೇಂಜ್ 2022ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ನಮ್ಮಲ್ಲೇ 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಕ್ರಿಪ್ಟೊ ಕಳುವಾಗಿ, ಗ್ರಾಹಕರು ತಮ್ಮ ಕಾಯಿನ್‌ಗಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರತೆಗೆಯಲಾಗಲಿಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಎಕ್ಸ್‌ಚೇಂಜಿನಲ್ಲಿರುವ ಕಾಯಿನ್‌ಗೆ ಅಂಥ ರಕ್ಷಣೆ ಇಲ್ಲ.

ಹೀಗಾಗಿ ಮೊತ್ತ ಬೆಳೆದಂತೆ ಕಾಯಿನ್‌ಗಳನ್ನು ನಿಮ್ಮದೇ ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಕಾಯಿನ್‌ಗಳ ಕೀಲಿಯನ್ನು ಇಂಟರ್ನೆಟ್‌ನಿಂದ ದೂರವಿಡುವ ಪುಟ್ಟ ಸಾಧನಕ್ಕೆ, ವರ್ಗಾಯಿಸಿಕೊಳ್ಳಬೇಕು. ಈ ಸಾಧನಕ್ಕೇ ಕೆಲವು ಸಾವಿರ ರೂಪಾಯಿ ತಗಲುವುದರಿಂದ ಹತ್ತಿಪ್ಪತ್ತು ಸಾವಿರದ ಹೂಡಿಕೆಗೆ ಅದು ದುಬಾರಿ; ಅಲ್ಲಿಯವರೆಗೆ ಎರಡು ಎಕ್ಸ್‌ಚೇಂಜ್‌ಗಳಲ್ಲಿ ಹಂಚಿಡಬಹುದು. ವಾಲೆಟ್ಟನ್ನು ತಯಾರಕರಿಂದಲೇ ಕೊಳ್ಳಿ, ಬಳಸಿದ್ದನ್ನು ಕೊಳ್ಳಬೇಡಿ. ಮೊದಲ ಸಲ ಆನ್ ಮಾಡಿದಾಗ ಅದು ತೋರಿಸುವ 12 ಅಥವಾ 24 ಪದಗಳ ಸೀಡ್ ಫ್ರೇಸೇ ನಿಮ್ಮ ಕಾಯಿನ್‌ಗಳ ಕೀಲಿಕೈ. ಅದನ್ನು ಕಾಗದದ ಮೇಲೆ ಕೈಯಲ್ಲಿ ಬರೆದುಕೊಳ್ಳಿ. ಫೋಟೊ ತೆಗೆಯಬೇಡಿ, ವಾಟ್ಸ್ಆ್ಯಪ್‌ನಲ್ಲಾಗಲಿ ಇಮೇಲ್‌ನಲ್ಲಾಗಲಿ ಇಡಬೇಡಿ, ಸಹಾಯವಾಣಿಯವರೆಂದು ಹೇಳಿಕೊಂಡು ಕೇಳಿದರೂ ಹೇಳಬೇಡಿ. ದೊಡ್ಡ ಮೊತ್ತ ಕಳಿಸುವ ಮೊದಲು ಅತಿ ಸಣ್ಣ ಮೊತ್ತ ಕಳಿಸಿ, ವಾಲೆಟ್ಟನ್ನು ಅಳಿಸಿ, ಕಾಗದದ ಪದಗಳಿಂದ ಮರಳಿ ಪಡೆದು ನೋಡಿ.

ಮಾರುವ ನಿಯಮವನ್ನು ಕೊಳ್ಳುವ ದಿನವೇ ಬರೆದಿಡಿ. ಉದಾಹರಣೆಗೆ, ಕ್ರಿಪ್ಟೊ ಪಾಲು ಒಟ್ಟು ಹೂಡಿಕೆಯ ಶೇ 10 ದಾಟಿದರೆ ಅರ್ಧ ಮಾರುವುದು. 50,000 ಹಾಕಿದ್ದು ಒಂದೂವರೆ ಲಕ್ಷವಾಗಿ, ಅದರಲ್ಲಿ 75,000 ರೂಪಾಯಿಯಷ್ಟನ್ನು ಮಾರಿದಿರಿ, ಆ ಭಾಗದ ಖರೀದಿ ಬೆಲೆ 25,000 ಆಗಿತ್ತು ಎಂದಾದರೆ, ತೆರಿಗೆ 15,600 ಹೋಗಿ 59,400 ಕೈಗೆ ಬರುತ್ತದೆ. ಹಾಕಿದ ಅಸಲು ಪೂರ್ತಿ ಮರಳಿತು, 75,000ದ ಕಾಯಿನ್ ಇನ್ನೂ ಉಳಿದಿದೆ. ಆದರೆ ಪಾಲು ಕುಗ್ಗಿದಾಗ ಮಿತಿಗೆ ಮರಳಿಸಲೆಂದು ಹೊಸ ಹಣ ಸುರಿಯಬೇಡಿ.

ಪ್ರತಿ ಖರೀದಿಯ ದಿನಾಂಕ, ಪ್ರಮಾಣ, ರೂಪಾಯಿ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಬನ್ನಿ. ಎಕ್ಸ್‌ಚೇಂಜ್ ಮುಚ್ಚಿದರೆ ಖರೀದಿ ಬೆಲೆಗೆ ಬೇರೆ ಪುರಾವೆ ಇರುವುದಿಲ್ಲ. ನಿಮ್ಮ ವಾಲೆಟ್‌ಗೆ ಬ್ಯಾಂಕಿನಂತೆ ನಾಮನಿರ್ದೇಶನ ಇಲ್ಲವಾದ್ದರಿಂದ, ಇಂಥ ಆಸ್ತಿಯಿದೆ ಎಂಬುದನ್ನು ಉಯಿಲಿನಲ್ಲಿ ನಮೂದಿಸಿ, ಪದಗಳ ಕಾಗದ ಎಲ್ಲಿದೆ ಎಂಬುದನ್ನು ನಂಬಿಕೆಯ ಒಬ್ಬರಿಗಾದರೂ ತಿಳಿಸಿ. ಪದಗಳನ್ನು ಮಾತ್ರ ಉಯಿಲಿನಲ್ಲಿ ಬರೆಯಬೇಡಿ. ವರ್ಷಕ್ಕೊಮ್ಮೆ, ರಿಟರ್ನ್ಸ್ ಸಲ್ಲಿಸುವ ದಿನವೇ, ಆ ಕಾಗದ ಸುರಕ್ಷಿತವಾಗಿದೆಯೇ, ಅಕ್ಷರಗಳು ಮಾಸದೆ ಓದುವಂತಿವೆಯೇ ಎಂದು ತೆಗೆದು ನೋಡಿ.