ಆಪರೇಷನ್ ಆದ ದಿನಾನ ಮನೀಗೆ ಹೊಂಟೀರೇನು? ವಾಂತಿ ತಪ್ಪಿಸ್ಕೊಳ್ಳೋದು ಹಿಂಗ

ಹರ್ನಿಯಾ, ಪೈಲ್ಸ್ ಇಂಥಾ ಆಪರೇಷನ್‌ಗೆ ಈಗ ಭಾಳ ಕಡೆ ಮುಂಜಾನೆ ಅಡ್ಮಿಟ್, ಸಂಜೀಕ ಡಿಸ್ಚಾರ್ಜ್. ನೋವರ ತಡ್ಕೊಂತೀನ್ರಿ, ಈ ಹೊಟ್ಟಿ ತೊಳಸೋದು ತಡಕೊಳ್ಳಾಕ ಆಗಂಗಿಲ್ಲ ಅನ್ನೋ ಮಂದೀನ ಜಾಸ್ತಿ. ಆಪರೇಷನ್ನಿಗೆ ಕೊಡೋ ಫೆಂಟನಿಲ್, ಮಾರ್ಫಿನ್, ಟ್ರಮಡಾಲ್ ಎಲ್ಲಾ ಅಫೀಮಿನ ಜಾತಿ ನೋವಿನ ಔಷಧ, ಇವು ಮೆದುಳಿನ್ಯಾಗ ವಾಂತಿ ಎಬ್ಬಿಸೋ ಜಾಗಾನ ಕೆಣಕ್ತಾವು, ಹೊಟ್ಟಿ ಖಾಲಿ ಆಗೋದನ್ನ ತಡ ಮಾಡ್ತಾವು, ಮತ್ತ ಕಿವಿ ಒಳಗಿನ ಬ್ಯಾಲೆನ್ಸ್ ಕೆಡಿಸ್ತಾವು, ಅದಕ್ಕ ಸುಮ್ಮನ ಮಲಗಿದ್ದಾಗ ಆರಾಮ ಇದ್ದೋರು ಎದ್ದು ನಾಕು ಹೆಜ್ಜಿ ಇಟ್ಟ ಕೂಡ್ಲೆ ವಾಂತಿ ಮಾಡ್ಕೋತಾರ.

1. ಮೊದಲ ಹೇಳ್ರಿ
ಇದ ಎಲ್ಲಕ್ಕಿಂತ ದೊಡ್ಡ ಕೆಲಸ. ಗದಗಿನಿಂದ ಹುಬ್ಬಳ್ಳಿ ಬಸ್ ಹತ್ತಿದ್ರ ಅಣ್ಣಿಗೇರಿ ಬರೋದ್ರಾಗ ಲಿಂಬಿಹಣ್ಣು ಮೂಸಾಕ ಶುರು ಮಾಡೋ ಪೈಕಿ ನೀವಾಗಿದ್ರ ಅದನ್ನ ಅನಸ್ತೇಶಿಯಾ (ಎಚ್ಚರ ತಪ್ಪಿಸೋ) ಡಾಕ್ಟರ್‌ಗೆ ಹೇಳ್ರಿ, ಇದೇನು ಹೇಳೋ ಮಾತು ಅಂತ ನಾಚಕೋಬ್ಯಾಡ್ರಿ. ಅಪ್ಫೆಲ್ ಅನ್ನೋ ಡಾಕ್ಟರ್ 1999ರಾಗ ಕೊಟ್ಟ ಲೆಕ್ಕದಾಗ ನೋಡೋದು ನಾಕ ವಿಷಯ: ಹೆಣ್ಮಕ್ಕಳು, ಸಿಗರೇಟ್ ಸೇದದೋರು, ಬಸ್ಸಿನ್ಯಾಗ ಇಲ್ಲಾ ಹಿಂದಿನ ಆಪರೇಷನ್ನಿನ್ಯಾಗ ವಾಂತಿ ಆದೋರು, ಆಪರೇಷನ್ ಆದಮ್ಯಾಲ ಅಫೀಮಿನ ಜಾತಿ ಔಷಧ ಬೇಕಾಗೋರು. ಒಂದೂ ಇಲ್ಲಂದ್ರ ವಾಂತಿ ಚಾನ್ಸ್ ಸುಮಾರು 10%, ನಾಕೂ ಇದ್ರ ಸುಮಾರು 80%. (ಸೇದೋರಿಗೆ ಕಡಿಮಿ ಅಂತ ಕೇಳಿ ಯಾರೂ ಬೀಡಿ ಹಚ್ಚಬ್ಯಾಡ್ರಪಾ.)

2. ಉಪವಾಸ ಅತಿ ಮಾಡಬ್ಯಾಡ್ರಿ
ಸಾಮಾನ್ಯವಾಗಿ ಹಗುರ ಊಟಕ್ಕ 6 ತಾಸು, ಬರೇ ನೀರಿಗೆ 2 ತಾಸು ಗ್ಯಾಪ್ ಸಾಕು, ನಿಮಗ ಎಷ್ಟು ಅನ್ನೋದನ್ನ ಡಾಕ್ಟರ್ ಹೇಳ್ತಾರ. ಹಾಲು ಹಾಕಿದ ಚಾ ನೀರಲ್ಲ.

3. ಎರಡು ಪ್ರಶ್ನೆ ಕೇಳ್ರಿ
ಒಂದು, ಅಫೀಮಿನ ಜಾತಿ ಔಷಧ ಕಡಿಮಿ ಮಾಡಾಕ ಬರ್ತೈತೇನ್ರಿ? ಗಾಯದ ಜಾಗಾಕ್ಕ ಜೋಮ ಹಿಡಸೋ ಇಂಜೆಕ್ಷನ್, ಪ್ಯಾರಾಸಿಟಮಾಲ್, ಕಿಡ್ನಿ ಮತ್ತ ಹೊಟ್ಟಿ ಚಲೋ ಇದ್ದೋರಿಗೆ ಐಬುಪ್ರೊಫೆನ್‌ನಂಥಾದ್ದು ಸೇರಿಸಿದ್ರ ಭಾಳ ಸಲ ಬರ್ತೈತಿ. ಎರಡು, ವಾಂತಿಗೆ ಮೊದಲ ಏನು ಕೊಡ್ತೀರಿ? ರಿಸ್ಕ್ ಇದ್ದೋರಿಗೆ ಶುರುವಿನ್ಯಾಗ ಡೆಕ್ಸಾಮೆಥಾಸೋನ್, ಮುಗಿಯೋ ಮುಂದ ಆಂಡಾನ್ಸೆಟ್ರಾನ್ ಹಿಂಗ ಎರಡು ಬ್ಯಾರೆ ಬ್ಯಾರೆ ನಮೂನಿ ಔಷಧ ಕೂಡಿಸಿ ಕೊಡ್ತಾರ. ಶುಗರ್ ಇದ್ದೋರು ಹೇಳಾಕ ಬೇಕು, ಡೆಕ್ಸಾದಿಂದ ಶುಗರ್ ಏರ್ತೈತಿ.

4. ವಾಪಸ್ ಬರೋ ದಾರಿ
ಮಂಚದಿಂದ ಧಡಕ್ಕನ ಏಳಬ್ಯಾಡ್ರಿ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಂದರ್ರಿ. ನವಲಗುಂದ, ಶಿಗ್ಗಾಂವಿ ಕಡೆ ಹೋಗೋರು ಬಸ್ಸಿನ ಹಿಂದಿನ ಸೀಟ್ ಬಿಟ್ಟ ಬಿಡ್ರಿ, ಕಾರ್ ಆದ್ರ ಮುಂದಿನ ಸೀಟು, ನದರು ರಸ್ತೇದ ಮ್ಯಾಲ, ಮೊಬೈಲ್ ಕಿಸೇದಾಗ. ಗಾಡಿ ನೀವ ಹೊಡಿಯೋದಂತೂ 24 ತಾಸು ಬ್ಯಾಡ.

5. ಮನ್ಯಾಗ
ಬರೆದುಕೊಟ್ಟಂಗ ಪ್ಯಾರಾಸಿಟಮಾಲ್ ಟೈಮಿಗೆ ಸರಿಯಾಗಿ ತಗೊಂಡ್ರ ಟ್ರಮಡಾಲ್ ಕಡಿಮಿ ಬೇಕಾಗ್ತೈತಿ. ಟ್ರಮಡಾಲ್ ತಗೊಳ್ಳೋದಾದ್ರ ಸ್ವಲ್ಪ ಗಂಜಿ ಕುಡದು ತಗೋರಿ, ಮಿರ್ಚಿ ಗಿರ್ಮಿಟ್ ನಾಳೆ ನೋಡೋಣ. ಮಗ್ಗಲ ಮನ್ಯಾಗ ಉಳಿದಿದ್ದ ಗುಳಿಗಿ ಇಸ್ಕೊಂಡು ನುಂಗೋ ರೂಢಿ ಬಿಡ್ರಿ, 2018ರಿಂದ ಟ್ರಮಡಾಲ್ ನಶೆ ಪದಾರ್ಥ ತಡಿಯೋ ಎನ್‌ಡಿಪಿಎಸ್ ಕಾಯ್ದೆ ಒಳಗ ಐತಿ, ಮತ್ತ ಡಿಪ್ರೆಶನ್ ಗುಳಿಗಿ ಇಲ್ಲಾ ಫಿಟ್ಸ್ ಇದ್ದೋರಿಗೆ ಇದು ಅಪಾಯ. ಡಿಸ್ಚಾರ್ಜ್ ಚೀಟ್ಯಾಗ ವಾಂತಿ ನಿಲ್ಲಸೋ ಗುಳಿಗಿ ಬರದಾರೋ ಇಲ್ಲೋ ಕೌಂಟರ್ ಬಿಡೋ ಮೊದಲ ನೋಡ್ಕೋರಿ, ನಾಲಿಗಿ ಮ್ಯಾಲ ಇಟ್ರ ಕರಗೋದು ಸಿಗ್ತೈತಿ.

ನೀರು ಕುಡದ್ರೂ ನಿಲ್ಲದಂಗ ವಾಂತಿ ಆದ್ರ, ಹೊಟ್ಟಿ ಉಬ್ಬಿ ನೋವು ಹೆಚ್ಚಾದ್ರ ಮುಂಜಾನೀ ತನಕ ಕಾಯದ ದವಾಖಾನಿಗೆ ಫೋನ್ ಹಚ್ರಿ. ಎಬ್ಬಿಸಿದ್ರೂ ಏಳದಷ್ಟು ಮಂಪರು, ಉಸಿರು ನಿಧಾನ ಅಂದ್ರ ಸೀದಾ 108.