ಮ್ಯೂನಿಕ್‌ನ ‘ಸಿಎಸ್‌ಇ’ಗೆ ಅರ್ಜಿ ಹಾಕುವುದು ಹೇಗೆ?

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ‘ಸಿಎಸ್‌ಇ’ ಎಂದರೆ ಕಂಪ್ಯೂಟರ್ ಸೈನ್ಸ್. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ಟಿಯುಎಂ) ಅದೇ ಮೂರಕ್ಷರ ಕಂಪ್ಯೂಟೇಷನಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಎಂಬ ಎರಡು ವರ್ಷಗಳ, ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸಿನ ಹೆಸರು. ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಹರಿವನ್ನೋ ಸೇತುವೆಯ ಕಂಪನವನ್ನೋ ಸಮೀಕರಣಗಳಾಗಿ ಬರೆದು ದೊಡ್ಡ ಕಂಪ್ಯೂಟರುಗಳಲ್ಲಿ ಬಿಡಿಸುವ ವಿದ್ಯೆ ಅದು. ಈ ವ್ಯತ್ಯಾಸ ತಿಳಿಯದೆ, ತಾವು ಕಟ್ಟಿದ ಆ್ಯಪ್‌ಗಳನ್ನೇ ಪುಟಗಟ್ಟಲೆ ವರ್ಣಿಸಿದ ಅರ್ಜಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಮೊದಲು, ನಿಮ್ಮ ಅಂಕಪಟ್ಟಿ, ಪದವಿಪತ್ರಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ.

ಎರಡನೆಯದು, ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಪದವಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆ ಕೊಡುವ ವಿಪಿಡಿ ಎಂಬ ಪೂರ್ವಪರಿಶೀಲನಾ ದಾಖಲೆ. ನಿಮ್ಮ ಸಿಜಿಪಿಎ ಜರ್ಮನ್ ಶ್ರೇಣಿಗೆ ಬದಲಾಗುವುದು ಇಲ್ಲಿ. ಅಲ್ಲಿ 1 ಅತ್ಯುತ್ತಮ, 4 ಕನಿಷ್ಠ ಉತ್ತೀರ್ಣ. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಬೇಕು. 10ಕ್ಕೆ 8.5 ಸಿಜಿಪಿಎ ಇದ್ದವರಿಗೆ ಕನಿಷ್ಠ ಅಂಕ 4 ಎಂದಾದರೆ 1.75 ಬರುತ್ತದೆ, 5 ಎಂದಾದರೆ 1.9. ಆದ್ದರಿಂದ ಕನಿಷ್ಠ ಉತ್ತೀರ್ಣ ಅಂಕ ಎಷ್ಟೆಂದು ನಮೂದಿಸಿರುವ ವಿಶ್ವವಿದ್ಯಾಲಯದ ದಾಖಲೆಯನ್ನು ಜೊತೆಗಿಡದೆ ಅರ್ಜಿ ಕಳಿಸಲೇಬೇಡಿ.

ಮೂರನೆಯದು ಓದಿದ ವಿಷಯಗಳ ವಿವರ; ಬಹುತೇಕರು ಎಡವುವುದು ಇಲ್ಲೇ. ಆಯ್ಕೆಯಲ್ಲಿ ಅಂಕದ ಜೊತೆಗೆ ಗಣಿತ, ಪ್ರೋಗ್ರಾಮಿಂಗ್ ಹಾಗೂ ಎಂಜಿನಿಯರಿಂಗ್ ಬುನಾದಿಯನ್ನೂ ತೂಗುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮ್‌ನ, ಅಂದರೆ ಆ ವರ್ಷದ ಪಠ್ಯಕ್ರಮದ, ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಲ್ಯಾಪ್ಲಾಸ್, ಫೂರಿಯೇ ಪರಿವರ್ತನೆಗಳಿವೆ. ಅವಕಲ ಸಮೀಕರಣಗಳನ್ನು ರುಂಗೆ-ಕುಟ್ಟಾ ವಿಧಾನದಿಂದ ಬಿಡಿಸುವ ಪಾಠವೂ ಇದೆ. ಈ ಕೋರ್ಸಿಗೆ ಬೇಕಾದ ಸರಕೇ ಅದು. ವಿದ್ಯಾರ್ಥಿ ಮಾತ್ರ ಅದನ್ನು ‘ಮ್ಯಾಥ್ಸ್-3’ ಎಂದು ಬರೆದು ಮುಂದೆ ಹೋಗುತ್ತಾನೆ! ಹಾಗೆ ಮಾಡದೆ, ಅಂಕಪಟ್ಟಿಯಲ್ಲಿರುವ ಪೂರ್ಣ ಹೆಸರು, ವಿಷಯ ಸಂಕೇತ, ಕ್ರೆಡಿಟ್, ವಾರಕ್ಕೆ ಎಷ್ಟು ಗಂಟೆಯ ಪಾಠ, ಪ್ರತಿ ಘಟಕದಲ್ಲಿ ಏನಿತ್ತು ಎಂಬುದನ್ನು ಅಧಿಕೃತ ಪಠ್ಯಕ್ರಮದಿಂದಲೇ ಎತ್ತಿ ಬರೆಯಿರಿ. ಓದದ್ದನ್ನು ಸೇರಿಸಬೇಡಿ, ಏಕೆಂದರೆ ಪಠ್ಯಕ್ರಮ ಎಲ್ಲರಿಗೂ ಲಭ್ಯವಿರುವ ದಾಖಲೆ.

ಮೆಕ್ಯಾನಿಕಲ್ ಓದಿದವರು ವಸ್ತುವನ್ನು ಸಣ್ಣ ತುಂಡುಗಳಾಗಿ ವಿಭಜಿಸಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವನ್ನು ದೊಡ್ಡದಾಗಿ ಬರೆದು, ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಲ್ಯಾಬನ್ನು ಮರೆಯುತ್ತಾರೆ. ಕಂಪ್ಯೂಟರ್ ಸೈನ್ಸ್‌ನವರು ಅಲ್ಗಾರಿದಮ್‌ಗಳನ್ನು ತುಂಬಿ, ಗಣಿತದ ನಾಲ್ಕು ಪೇಪರುಗಳನ್ನು ಒಂದೇ ಸಾಲಿಗೆ ಇಳಿಸುತ್ತಾರೆ. ಇಬ್ಬರೂ ತಮ್ಮಲ್ಲಿ ಕಡಿಮೆ ಇರುವ ಭಾಗವನ್ನೇ ಹೆಚ್ಚು ಬಿಡಿಸಿ ಬರೆಯಬೇಕು.

ಕ್ರೆಡಿಟ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಇಸಿಟಿಎಸ್ ಕ್ರೆಡಿಟ್, ಅಂದರೆ ನಾಲ್ಕು ವರ್ಷಕ್ಕೆ 240; ವಿಟಿಯುವಿನ 2018ರ ಸ್ಕೀಮ್‌ನಲ್ಲಿ ಇಡೀ ಬಿಇಗೆ 175. ಆದ್ದರಿಂದ ನಮ್ಮ 3 ಕ್ರೆಡಿಟ್ ಅಲ್ಲಿನ 3 ಕ್ರೆಡಿಟ್‌ಗೆ ಸಮವಲ್ಲ, ಸುಮಾರು 4. ಕೇಳಿದರೆ ಮಾತ್ರ ಪರಿವರ್ತಿಸಿ, ಲೆಕ್ಕ ಹಾಕಿದ ಕ್ರಮವನ್ನೂ ತಿಳಿಸಿ. ಕೇಳದಿದ್ದರೆ ಮೂಲ ಅಂಕಿಯನ್ನೇ ಉಳಿಸಿ.

ಓದಿದ ವಿಷಯಗಳ ಈ ಪಟ್ಟಿಗೆ ನನ್ನ ಲೆಕ್ಕದಲ್ಲಿ ಎರಡು ಭಾನುವಾರ ಪೂರ್ತಿ ಬೇಕು. ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಮಾಡಿಕೊಡುವ ಕನ್ಸಲ್ಟೆನ್ಸಿಗಳಿವೆ. ಅಂಥ ಒಂದು ಕಡೆ ಸಿದ್ಧವಾದ ಪಟ್ಟಿಯಲ್ಲಿ ಸಿವಿಲ್ ವಿದ್ಯಾರ್ಥಿಯೊಬ್ಬನ ಹೆಸರಿನಡಿ ಎಲೆಕ್ಟ್ರಾನಿಕ್ಸ್ ವಿಷಯಗಳಿದ್ದುದನ್ನು ಕಣ್ಣಾರೆ ಕಂಡ ಮೇಲೆ, ಆ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಈ ಕೋರ್ಸು ಏಕೆ ಬೇಕೆಂದು ತಿಳಿಸುವ ಉದ್ದೇಶಪತ್ರದಲ್ಲಿ ‘ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರೀತಿ’ ಎಂಬ ಸಾಲು ಬೇಡ. ನೀವೇ ಬಿಡಿಸಿದ ಒಂದು ಸಮಸ್ಯೆಯನ್ನು ಎತ್ತಿಕೊಂಡು, ಯಾವ ಸಮೀಕರಣ, ಯಾವ ವಿಧಾನ, ಉತ್ತರ ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಿದಿರಿ ಎಂದು ಬರೆಯಿರಿ. ಸಿದ್ಧ ಸಾಫ್ಟ್‌ವೇರ್‌ನಲ್ಲಿ ಗುಂಡಿ ಒತ್ತಿ ಪಡೆದ ಬಣ್ಣದ ಚಿತ್ರಕ್ಕಿಂತ ಸ್ವಂತವಾಗಿ ಬರೆದ ನೂರು ಸಾಲಿನ ಕೋಡ್ ಮೇಲು.

ಆಮೇಲೆ ಟಿಯುಎಂ-ಆನ್‌ಲೈನ್ ಪೋರ್ಟಲ್‌ನಲ್ಲಿ ಎಲ್ಲವನ್ನೂ ಏರಿಸುವುದು ಅರ್ಧ ಗಂಟೆಯ ಕೆಲಸ.

ಜರ್ಮನಿಯಲ್ಲಿ ಓದು ಉಚಿತ ಎಂಬ ಹಳೆಯ ಮಾತನ್ನು ನಂಬಿ ಕೂರಬೇಡಿ. ಟಿಯುಎಂ 2024–25ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸುತ್ತಿದೆ; ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ. ಇದಲ್ಲದೆ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ನಿಗದಿತ ಮೊತ್ತವನ್ನಷ್ಟೇ ತೆಗೆಯಬಹುದಾದ ಖಾತೆ) ವರ್ಷದ ಖರ್ಚನ್ನು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೊಗೆ ಏರಿತು, ಅಂದರೆ ತಿಂಗಳಿಗೆ 992. ಶಿಕ್ಷಣ ಸಾಲ ಬೇಕಿದ್ದವರು ಪ್ರವೇಶಪತ್ರ ಬರುವವರೆಗೆ ಕಾಯದೆ, ಅರ್ಜಿ ಹಾಕಿದ ವಾರದಲ್ಲೇ ಬ್ಯಾಂಕಿಗೆ ಹೋಗಿ ಬೇಕಾದ ದಾಖಲೆಗಳ ಪಟ್ಟಿ ತರಲಿ.